ಶ್ರೀರಂಗಪಟ್ಟಣದ ಪೌರಜೀವನವೂ ಅದರ ಆಧಾರವೂ

ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗಪಟ್ಟಣವು 1610ರಲ್ಲಿ ರಾಜ ಒಡೆಯರ ವಶವಾದಂದಿನಿಂದ 1799ರವರೆಗೆ ರಾಜಧಾನಿಯಾಗಿದ್ದಿತು. ಅದರ ಕೋಟೆಯ ಬಲವನ್ನು ವರ್ಣಿಸಿದವರು ಅನೇಕರು. ಊರಿನ ಜನರು ಯಾವ ಆದಾಯದಿಂದ ಬದುಕಿದರೆಂಬುದನ್ನು ವಿಚಾರಿಸಿದವರು ವಿರಳ.

ಟಿಪ್ಪೂ ಸುಲ್ತಾನನು ಕೋಟೆಯ ಹೊರಗೆ ಗಂಜಾಂ ಪೇಟೆಯನ್ನು ಕಟ್ಟಿಸಿ, ಅದನ್ನು ತುಂಬುವುದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲಾತ್ಕಾರದಿಂದ ತರಿಸಿದನೆಂದು ರೈಸರು ಬರೆದಿದ್ದಾರೆ. ಒಂದೂರನ್ನು ಬರಿದುಮಾಡಿ ಇನ್ನೊಂದನ್ನು ತುಂಬುವುದು ನಗರನಿರ್ಮಾಣವೆನಿಸಲಾರದು. ಅರಮನೆ, ದಂಡು, ಟಂಕಸಾಲೆಗಳ ವೆಚ್ಚವೇ ಈ ಪೇಟೆಯ ಮುಖ್ಯ ವರಮಾನ. 1800ರಲ್ಲಿ ಬಂದ ಬುಕನನ್ನನು ಕೋಟೆಯಲ್ಲಿ 4,163, ಗಂಜಾಮಿನಲ್ಲಿ 2,216 ಮನೆಗಳೆಂದು ಹೇಳಿ, ಮನೆಗೆ ಐವರಂತೆ ದ್ವೀಪದ ಜನಸಂಖ್ಯೆಯನ್ನು 31,895 ಎಂದು ಎಣಿಸಿದನು. ಟಿಪ್ಪುವಿನ ಕಾಲದಲ್ಲಿ ಅದು 1,50,000ಕ್ಕೆ ಕಡಮೆಯಿರಲಿಲ್ಲವೆಂದನು. ಎರಡನೆಯದು ಬರಿಯ ಅಂದಾಜು. ಅರ್ಧಕ್ಕಿಳಿಸಿದರೂ ಕುಸಿತದ ವೇಗವು ಸ್ಪಷ್ಟವೇ. ದೊರೆತನವು ಮೈಸೂರಿಗೆ ಹೋಯಿತು, ಕೆಲವೇ ವರ್ಷಗಳಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಚಳಿಜ್ವರವು ಮಾತ್ರ ನಿಂತಿತು. ಲಾಲ್ ಮಹಲಿನ ತೊಲೆಗಳು ಕೂಡ ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚಿಗೆ ಸಾಗಿದುವು. 1901ರ ಜನಗಣತಿಯಲ್ಲಿ ಉಳಿದಿದ್ದವರು 8,584 ಮಂದಿ.

ಅಷ್ಟಾದರೂ ಉಳಿದುದು ಹೇಗೆ? ಇದಕ್ಕೆ ಉತ್ತರವನ್ನು ಕೋಟೆಯಲ್ಲಿ ಹುಡುಕಬೇಕಾಗಿಲ್ಲ. ಕಂಠೀರವ ನರಸರಾಜ ಒಡೆಯರು (1638-59) ತೆಗೆಸಿದ ಬಂಗಾರದೊಡ್ಡಿ ನಾಲೆಯು ನದಿಯ ಒಂದು ಕವಲನ್ನು ಮೇಲ್ಗಾಲುವೆಯಿಂದ ದಾಟಿ ದ್ವೀಪಕ್ಕೆ ನೀರನ್ನು ತಂದಿತು. ಈ ನೀರಿನ ಗದ್ದೆತೋಟಗಳಿಗೆ ಅರಮನೆಯ ಸಂಬಳ ಬೇಕಾಗಿರಲಿಲ್ಲ. ರಂಗನಾಥನ ಸನ್ನಿಧಿಗೂ ಪಶ್ಚಿಮವಾಹಿನಿಗೂ ಬರುವ ಯಾತ್ರಿಕರಿಗೂ ರಾಜಧಾನಿ ಎಲ್ಲಿದ್ದರೇನು?