ರಿಪಬ್ಲಿಕನ್ ಪಕ್ಷ: ಸೊರಗಿದ ಮಿತವ್ಯಯದ ತತ್ವ

ಅಮೆರಿಕದ ರಿಪಬ್ಲಿಕನ್ ಪಕ್ಷವನ್ನು ಸಂಪ್ರದಾಯವಾದಿ ಪಕ್ಷವೆಂದು ಕರೆಯುವುದು ವಾಡಿಕೆ. ಈ ಪದ ಕಿವಿಗೆ ಬಿದ್ದೊಡನೆ ನಮಗೆ ಮಡಿ, ಮಠಗಳು ನೆನಪಾಗುವುದು ಸಹಜ. ಅಲ್ಲಿ ಅದು ಧರ್ಮದಷ್ಟೇ ಬೊಕ್ಕಸಕ್ಕೂ ಸಂಬಂಧಿಸಿದ್ದಾಗಿತ್ತು. ಚಿಕ್ಕ ಸರ್ಕಾರ, ಕಡಿಮೆ ತೆರಿಗೆ, ಆದಾಯಕ್ಕೆ ತಕ್ಕ ವೆಚ್ಚ, ಮುಕ್ತ ವ್ಯಾಪಾರ ಇವು ಅದರ ಆಧಾರ ತತ್ವಗಳು. ಇವುಗಳಲ್ಲಿ ಕಡಿಮೆ ತೆರಿಗೆಯೊಂದು ಗಟ್ಟಿಯಾಗಿ ಉಳಿದು, ಮಿಕ್ಕವು ಒಂದೊಂದಾಗಿ ಸೊರಗಿದವು.

1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ತತ್ವಗಳನ್ನೇ ಮುಂದಿಟ್ಟ ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಗೆದ್ದದ್ದು ಕೇವಲ 6 ರಾಜ್ಯಗಳಲ್ಲಿ. ಅವರ ವಾದವನ್ನು ಜನಪ್ರಿಯಗೊಳಿಸಿದ ರೊನಾಲ್ಡ್ ರೇಗನ್ 1981ರಲ್ಲಿ ಅಧಿಕಾರಕ್ಕೆ ಬಂದರು. ತೆರಿಗೆ ಇಳಿಯಿತು, ರಕ್ಷಣಾ ವೆಚ್ಚ ಏರಿತು. ಎಂಟು ವರ್ಷಗಳಲ್ಲಿ ರಾಷ್ಟ್ರೀಯ ಸಾಲ ಸುಮಾರು ಮೂರು ಪಟ್ಟಾಯಿತು. ಆದರೂ 1982ರಲ್ಲಿ ರೇಗನ್ ಕೊರತೆ ತಗ್ಗಿಸಲು ಕೆಲವು ತೆರಿಗೆಗಳನ್ನು ಏರಿಸಿದ್ದರೆಂಬುದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ಹೊಸ ತೆರಿಗೆ ಇಲ್ಲವೆಂದು ವಾಗ್ದಾನ ಮಾಡಿದ್ದ ಹಿರಿಯ ಜಾರ್ಜ್ ಬುಷ್ 1990ರಲ್ಲಿ ಅದನ್ನು ಮುರಿದು, 1992ರಲ್ಲಿ ಸೋತರು. ಕೊರತೆಯನ್ನು ಕ್ಷಮಿಸಬಹುದು, ತೆರಿಗೆ ಏರಿಕೆಯನ್ನಲ್ಲ ಎಂಬ ಪಾಠವನ್ನು ಪಕ್ಷ ಕಲಿತದ್ದು ಅಲ್ಲಿಯೇ ಎನ್ನಬೇಕು.

ತತ್ವಕ್ಕೆ ನಿಜವಾದ ಬಲ ಬಂದದ್ದು ಪಕ್ಷ ಶ್ವೇತಭವನದಿಂದ ಹೊರಗಿದ್ದಾಗ. 1994ರಲ್ಲಿ ನ್ಯೂಟ್ ಗಿಂಗ್ರಿಚ್ ನೇತೃತ್ವದಲ್ಲಿ 40 ವರ್ಷಗಳ ಬಳಿಕ ಜನಪ್ರತಿನಿಧಿ ಸಭೆ ರಿಪಬ್ಲಿಕನ್ನರ ಕೈಸೇರಿತು. ಸಮತೋಲಿತ ಬಜೆಟ್ ಕಡ್ಡಾಯಗೊಳಿಸುವ ಸಂವಿಧಾನ ತಿದ್ದುಪಡಿ 1995ರಲ್ಲಿ ಸೆನೆಟ್‌ನಲ್ಲಿ ಒಂದೇ ಮತದ ಕೊರತೆಯಿಂದ ಬಿದ್ದುಹೋಯಿತು. ಡೆಮಾಕ್ರಾಟ್ ಅಧ್ಯಕ್ಷ ಬಿಲ್ ಕ್ಲಿಂಟನ್‌ರೊಂದಿಗಿನ ಹಗ್ಗಜಗ್ಗಾಟದ ನಡುವೆಯೂ 1998ರಿಂದ 2001ರವರೆಗೆ ಬಜೆಟ್ ಮಿಗತೆ ಕಂಡಿತು.

ಕಿರಿಯ ಬುಷ್ ಕಾಲದಲ್ಲಿ ಎರಡು ತೆರಿಗೆ ಕಡಿತ, ಎರಡು ಯುದ್ಧ, 2003ರ ಮೆಡಿಕೇರ್ ಔಷಧ ಸೌಲಭ್ಯ ಒಟ್ಟಿಗೆ ಬಂದು ಆ ಮಿಗತೆ ಕರಗಿತು. 2008ರಲ್ಲಿ ಬ್ಯಾಂಕುಗಳ ರಕ್ಷಣೆಗೆ 70 ಸಾವಿರ ಕೋಟಿ ಡಾಲರ್ ಮಂಜೂರಾಯಿತು. ಒಬಾಮಾ ಅಧ್ಯಕ್ಷರಾದೊಡನೆ, 2009ರಲ್ಲಿ, ಟೀ ಪಾರ್ಟಿ ಚಳವಳಿಯ ರೂಪದಲ್ಲಿ ಮಿತವ್ಯಯ ಮತ್ತೆ ನೆನಪಾಯಿತು! ಡೊನಾಲ್ಡ್ ಟ್ರಂಪ್ 2017ರಲ್ಲಿ ತೆರಿಗೆ ಇಳಿಸಿದಾಗ ಆ ಚಳವಳಿಯ ಬಹುತೇಕ ಶಾಸಕರು ಒಪ್ಪಿಗೆಯಿತ್ತರು.

ಮುಕ್ತ ವ್ಯಾಪಾರದ ಗತಿಯೂ ಭಿನ್ನವಲ್ಲ. 2018ರಲ್ಲಿ ಉಕ್ಕಿನ ಮೇಲೆ, 2025ರ ಏಪ್ರಿಲ್‌ನಲ್ಲಿ ಬಹುಪಾಲು ದೇಶಗಳ ಸರಕಿನ ಮೇಲೆ ಟ್ರಂಪ್ ಸುಂಕ ಸಾರಿದರು. ಇದು ಪಕ್ಷದ ಹಳೆಯ ಹಾದಿಗೆ ಮರಳುವಿಕೆ ಎಂಬ ಬೆಂಬಲಿಗರ ಮಾತಿನಲ್ಲಿ ಹುರುಳಿದೆ. ವಿಲಿಯಂ ಮೆಕಿನ್ಲಿ ಸುಂಕದ ಕಟ್ಟಾ ಪ್ರತಿಪಾದಕರಾಗಿದ್ದರು. 1930ರ ಸ್ಮೂಟ್-ಹಾಲಿ ಕಾಯ್ದೆಯೂ ರಿಪಬ್ಲಿಕನ್ನರದೇ. ಆದರೆ 2025ರ ಆಗಸ್ಟ್‌ನಲ್ಲಿ ಇಂಟೆಲ್ ಕಂಪನಿಯಲ್ಲಿ ಸರ್ಕಾರ ಸುಮಾರು ಶೇ. 10ರಷ್ಟು ಪಾಲು ಪಡೆದದ್ದನ್ನು ಗೋಲ್ಡ್‌ವಾಟರ್ ಪರಂಪರೆಯಲ್ಲಿ ಎಲ್ಲಿ ಹುಡುಕುವುದು?

2024ರ ಪ್ರಣಾಳಿಕೆಯಲ್ಲಿ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್‌ಗೆ ಕತ್ತರಿ ಹಾಕುವುದಿಲ್ಲವೆಂದು ಪಕ್ಷವೇ ಭರವಸೆಯಿತ್ತಿತು. 2025ರ ಜುಲೈ 4ರಂದು ಸಹಿಯಾದ ತೆರಿಗೆ ಮತ್ತು ವೆಚ್ಚ ಕಾಯ್ದೆ ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ನ ವೆಚ್ಚ ತಗ್ಗಿಸಿದರೂ, ಹತ್ತು ವರ್ಷಗಳಲ್ಲಿ ಕೊರತೆಯನ್ನು ಸುಮಾರು 3.4 ಲಕ್ಷ ಕೋಟಿ ಡಾಲರ್ ಹೆಚ್ಚಿಸುವುದೆಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತು. ಸೆನೆಟ್‌ನಲ್ಲಿ ಮತಗಳು 50-50 ಸಮವಾಗಿ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತದಿಂದ ಅದು ಪಾರಾಯಿತು. ವಿರೋಧಿಸಿದ ಮೂವರು ರಿಪಬ್ಲಿಕನ್ನರಲ್ಲಿ ಸಾಲದ ಹೊರೆಯನ್ನೇ ಮುಖ್ಯ ಕಾರಣವಾಗಿ ಹೇಳಿದವರು ಕೆಂಟಕಿಯ ರ್‍ಯಾಂಡ್ ಪಾಲ್.