ಹಜೇರಿ ಪಟ್ಟಿಗೆ ಸಿಗದ ಹೊತ್ತು

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ ಒಂದು ಲೆಕ್ಕ ಹಾಕಿದ. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೊಂದು ಆಣೆ ಕೊಟ್ಟರೆ ಸಾಕು ಎಂಬುದು ಆ ಲೆಕ್ಕ. ಒಂದು ಪೌಂಡ್ ಎಂದರೆ ಅರ್ಧ ಕಿಲೊಗೂ ಕಡಿಮೆ. ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಇದೇ ಟೆಂಪಲ್ ಧಾರಾಳವಾಗಿ ಖರ್ಚು ಮಾಡಿ ಜನರನ್ನು ಉಳಿಸಿದ್ದ. ಬೊಕ್ಕಸ ಬರಿದು ಮಾಡಿದನೆಂದು ಮೇಲಿನವರಿಂದ ಬೈಸಿಕೊಂಡೂ ಇದ್ದ. ಈ ಸಲ ಆ ಮಾತು ಕೇಳುವ ಮನಸ್ಸು ಅವನಿಗಿರಲಿಲ್ಲ. ‘ಟೆಂಪಲ್ ಕೂಲಿ’ ಜಾರಿಗೆ ಬಂತು. ಅದೇ ವರ್ಷ ಅವನು ಮುಂಬೈ ಪ್ರಾಂತ್ಯದ ಗವರ್ನರನೂ ಆದ.

ಆ ಬರ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಹುಭಾಗ ಆಗ ಅದರಲ್ಲಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ; ಇವೆರಡರ ನೆರೆಯಲ್ಲೇ ಬ್ರಿಟಿಷರ ಕಲಾದಗಿ. ರಾಜ್ಯದ ಗಡಿ ಬೇರೆಯಾದರೂ ಮಳೆಯ ಗಡಿ ಬೇರೆಯಾಗಿರಲಿಲ್ಲ. 1872ರಲ್ಲಿ 8 ಲಕ್ಷ 16 ಸಾವಿರ ಇದ್ದ ಆ ಜಿಲ್ಲೆಯ ಜನಸಂಖ್ಯೆ 1881ರ ಗಣತಿಗೆ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು.

ಬರದ ಕಾಮಗಾರಿಯ ಆಡಳಿತವನ್ನು ನೋಡಿದರೆ ಇವತ್ತಿನ ಕಂಪನಿಗಳು ‘ಕಾರ್ಯಪಡೆ ನಿರ್ವಹಣೆ’ ಎಂದು ಕರೆಯುವುದರ ಎಲ್ಲ ಅಂಗಗಳೂ ಅಲ್ಲಿವೆ. ಆಳುಗಳನ್ನು ತಂಡ ಮಾಡುವುದು, ಹೆಸರು ಕೂಗಿ ಹಜೇರಿ ಹಾಕುವುದು, ತೋಡಿದ ಗುಂಡಿಯನ್ನು ಅಳೆಯುವುದು, ಅಳತೆ ಕಡಿಮೆ ಬಿದ್ದರೆ ಕೂಲಿ ಮುರಿಯುವುದು, ಮೈಯಲ್ಲಿ ಕಸುವಿಲ್ಲದವರಿಗೆ ಹಗುರ ಕೆಲಸ ಕೊಟ್ಟು ಕೂಲಿಯನ್ನೂ ಹಗುರ ಮಾಡುವುದು. ಆದರೆ ಮುಂಬೈ ಪ್ರಾಂತ್ಯದ ಹಲವು ಶಿಬಿರಗಳಲ್ಲಿ ಹಸಿದ ಜನ ಬುಟ್ಟಿ ಸಲಿಕೆ ಎಸೆದು ಹೊರಟೇಬಿಟ್ಟರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಘಟನೆ ಅವರ ಪರವಾಗಿ ಅರ್ಜಿಗಳ ಮೇಲೆ ಅರ್ಜಿ ಬರೆಯಿತು. ಹೊಟ್ಟೆಗಿಲ್ಲದವರು ಕೆಲಸ ಬಿಟ್ಟು ಪ್ರತಿಭಟಿಸಿದ ಅಪರೂಪದ ಪ್ರಸಂಗ ಅದು.

ಕೂಲಿಯ ಖರ್ಚನ್ನು ಹಿಡಿತದಲ್ಲಿಡುವ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳುತ್ತಾರೆ. ಹಾಜರಿ ಗಡಿಯಾರ, ಪಂಚ್ ಕಾರ್ಡ್, ಹೆಬ್ಬೆಟ್ಟಿನ ಯಂತ್ರ, ಮುಖ ಗುರುತಿಸುವ ಕ್ಯಾಮೆರಾ ಹೀಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ನಿಂತು ನೋಡಿದರೆ ಕತೆ ಬೇರೆಯಾಗಿ ಕಾಣುತ್ತದೆ. ಇಲ್ಲಿ ಅಳತೆಗೋಲು ಕಾಲಕಾಲಕ್ಕೆ ಬದಲಾಗಿದೆ: ಒಮ್ಮೆ ವರ್ಷ, ಒಮ್ಮೆ ಹೊತ್ತು, ಒಮ್ಮೆ ಮಾರು, ಒಮ್ಮೆ ಟನ್ನು. ಬದಲಾಗದೆ ಉಳಿದಿರುವುದು ಒಂದೇ. ಕೆಲಸಗಾರ ಕಾಯುತ್ತ ಕೂತ ಹೊತ್ತು ಯಾವ ಲೆಕ್ಕದ ಪುಸ್ತಕಕ್ಕೂ ಹತ್ತಲಿಲ್ಲ.

ಒಕ್ಕಲುತನದ ಲೆಕ್ಕ ಯುಗಾದಿಯಿಂದ ಯುಗಾದಿಗೆ. ವರ್ಷಕ್ಕೆ ಇಷ್ಟು ಜೋಳ, ಇಷ್ಟು ರೊಕ್ಕ, ಒಂದು ಜೋಡು ಚಪ್ಪಲಿ, ಒಂದು ಕಂಬಳಿ ಎಂದು ಮಾತಾದರೆ ಆಳು ಆ ವರ್ಷ ಒಡೆಯನ ಹೊಲದವನು. ಹಗಲೆಷ್ಟು ರಾತ್ರಿಯೆಷ್ಟು ಎಂದು ಕೇಳುವವರಿಲ್ಲ. ದಿನಗೂಲಿಗೆ ಹೋದವರಿಗೆ ‘ಹೊತ್ತು’, ‘ಅರ್ಧ ಹೊತ್ತು’ ಎಂಬ ಮಾಪಕವಿತ್ತು, ಅದನ್ನು ಹೇಳುವವನು ಸೂರ್ಯ. ಮುಯ್ಯಾಳಿನ ಪದ್ಧತಿಯೊಂದೇ ಕೊಟ್ಟಷ್ಟು ತೆಗೆದುಕೊಳ್ಳುವ ನ್ಯಾಯದ ಮೇಲೆ ನಿಂತಿತ್ತು. ಇಂದು ನಮ್ಮ ಮನೆಯವರು ನಿಮ್ಮ ಹೊಲಕ್ಕೆ, ನಾಳೆ ನಿಮ್ಮವರು ನಮ್ಮ ಹೊಲಕ್ಕೆ. ಬರಹ ಇಲ್ಲ, ಸಾಕ್ಷಿ ಇಲ್ಲ. ಆದರೂ ಯಾರ ಮನೆಯ ಮುಯ್ಯಿ ಬಾಕಿ ಇದೆ ಎಂಬುದು ಊರಿಗೆಲ್ಲ ಗೊತ್ತು.

ರಬಕವಿ-ಬನಹಟ್ಟಿಯ ನೇಕಾರಿಕೆಯಲ್ಲಿ ಲೆಕ್ಕ ಇನ್ನಷ್ಟು ಸೂಕ್ಷ್ಮ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನ ಮೇಲೆ ಯಾರೂ ಗಡಿಯಾರ ಹಿಡಿದು ನಿಲ್ಲುವುದಿಲ್ಲ. ಅದರ ಅಗತ್ಯವೂ ಇಲ್ಲ. ಮಾಲಕ ನೂಲನ್ನು ತೂಗಿ ಕೊಡುತ್ತಾನೆ, ನೇಯ್ದು ತಂದ ಸೀರೆಯನ್ನು ತೂಗಿ, ಅಳೆದು, ಬೆಳಕಿಗೆ ಹಿಡಿದು ನೋಡಿ ತೆಗೆದುಕೊಳ್ಳುತ್ತಾನೆ. ಎಳೆ ತಪ್ಪಿದ್ದರೆ ಮಜೂರಿಯಲ್ಲಿ ಮುರಿತ. ಸೀರೆಗೆ ಇಷ್ಟು ಎಂದು ಗೊತ್ತಾದ ಮೇಲೆ ಅದನ್ನು ಎಷ್ಟು ಹೊತ್ತಿನಲ್ಲಿ ನೇಯ್ದ ಎಂಬುದು ನೇಕಾರನ ಪಾಡು.

ಆ ಸೀರೆಯ ಹಿಂದೆ ಎಷ್ಟು ಕೈಗಳಿವೆ ಎಂದು ಎಣಿಸಬೇಕಾದರೆ ನೇಕಾರರ ಮನೆಯ ಒಳಗೇ ಹೋಗಬೇಕು. ನಡುಮನೆಯಲ್ಲಿ ರಾಟಿ ಮುಂದೆ ಕೂತ ಹೆಣ್ಣುಮಗಳು ಕಂಡಿಕೆ ಸುತ್ತುತ್ತಿರುತ್ತಾಳೆ. ಮಗ್ಗದ ಸದ್ದು ನಡೆಯುತ್ತಿದ್ದಷ್ಟು ಹೊತ್ತೂ ಲಾಳಿಗೆ ತುಂಬಿದ ಕಂಡಿಕೆ ಬೇಕು. ಒಲೆಯ ಮೇಲೆ ಅನ್ನ ಇಟ್ಟು ಬಂದು ನಾಲ್ಕು ಸುತ್ತುತ್ತಾಳೆ, ಮಗುವನ್ನು ಮಲಗಿಸಿ ಮತ್ತೆ ನಾಲ್ಕು. ಹಳೆಯ ಹಾಸು ಮುಗಿದು ಹೊಸ ಹಾಸು ಹೂಡುವಾಗ ಎಳೆಗೆ ಎಳೆ ಹೊಸೆದು ಕೂಡಿಸಬೇಕು. ಆಗ ಮನೆಯ ಮಕ್ಕಳೂ ಕೂಡುತ್ತಾರೆ. ಮಜೂರಿ ಬರುವುದು ಒಂದು ಸೀರೆಗೆ, ಒಬ್ಬನ ಹೆಸರಿಗೆ. ಮನೆಯಿಡೀ ದುಡಿದದ್ದು ಮಾಲಕನ ಖರ್ಚಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಕೂಲಿಯ ವೆಚ್ಚ ತಗ್ಗಿಸುವ ಉಪಾಯಗಳಲ್ಲಿ ಇದಕ್ಕಿಂತ ಹಳೆಯದೂ ಇಲ್ಲ, ಇದಕ್ಕಿಂತ ಪಕ್ಕಾದ್ದೂ ಇಲ್ಲ. ಜೊತೆಗೆ ‘ಬಾಕಿ’ ಬೇರೆ: ಮದುವೆಗೋ ಕಾಯಿಲೆಗೋ ಮಾಲಕನಿಂದ ತಂದ ಮುಂಗಡ ತೀರುವ ತನಕ ನೇಕಾರ ಮತ್ತೊಬ್ಬರ ಮಗ್ಗಕ್ಕೆ ಹೋಗುವಂತಿಲ್ಲ.

1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ನೂಲು ಕೊಟ್ಟು ಬಟ್ಟೆ ತೆಗೆದುಕೊಳ್ಳುವ ಹಾದಿಯನ್ನೇ ಹಿಡಿಯಿತು. ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆ ಆ ಮಗ್ಗಗಳಿಂದ ಬಂತು. ನಿಗಮದಿಂದ ನೂಲು ಬರುವುದು ತಡವಾದರೆ ಮಗ್ಗ ಖಾಲಿ, ಮಜೂರಿಯೂ ಖಾಲಿ. ಪವರ್‌ಲೂಮ್ ಬಂದ ಮೇಲೆ ಅದೇ ಜಾಗಕ್ಕೆ ಕರೆಂಟ್ ಬಂದು ಕೂತಿತು. ಲೈನ್ ಹೋದಾಗ ಮಗ್ಗ ನಿಲ್ಲುತ್ತದೆ, ನೇಕಾರ ಮಗ್ಗದ ಪಕ್ಕದಲ್ಲೇ ನಿಂತಿರುತ್ತಾನೆ. ಮಾರಿನ ಲೆಕ್ಕದಲ್ಲಿ ದುಡಿಯುವವನಿಗೆ ಆ ನಿಂತ ಹೊತ್ತಿನ ಕೂಲಿ ಕೇಳಲು ಆಧಾರವೇ ಇಲ್ಲ.

ಗಡಿಯಾರ ಇತ್ತ ಬಂದದ್ದು ಗಿರಣಿಯ ದಾರಿಯಲ್ಲಿ. ಟೆಂಪಲ್ ಕೂಲಿಯ ವರ್ಷವೇ, ಅಂದರೆ 1877ರಲ್ಲಿ, ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಅದರ ಬೆನ್ನಿಗೇ ಗೋಕಾಕ ಜಲಪಾತದ ನೀರಿನಿಂದ ಓಡುವ ಗಿರಣಿ. ಕೃಷ್ಣೆ-ಭೀಮೆಯ ನಡುವಿನ ಕನ್ನಡದ ಕುಟುಂಬಗಳು ಭೋಂಗಾದ ಕೂಗಿಗೆ ಏಳುವುದನ್ನು ಕಲಿತದ್ದು ಇಂಥಲ್ಲಿ. ಗೇಟು ಮುಚ್ಚಿದರೆ ಆ ದಿನದ ಹಜೇರಿ ಇಲ್ಲ. ಮುಂಬೈ ಗಿರಣಿಗಳಲ್ಲಂತೂ ಯಾರಾದರೂ ಗೈರಾದಾರೇ ಎಂದು ಬೆಳಗಿನ ಜಾವದಿಂದ ಗೇಟಿನ ಹೊರಗೆ ನಿಲ್ಲುವ ‘ಬದಲಿ’ ಕಾರ್ಮಿಕರ ದೊಡ್ಡ ಸೈನ್ಯವೇ ಇತ್ತು. ಕೆಲಸ ಸಿಗದೆ ಹಿಂದಿರುಗಿದ ಬದಲಿಯ ಆ ಬೆಳಗನ್ನೂ ಯಾರೂ ಬರೆದಿಡಲಿಲ್ಲ.

ದೂರದ ಅಮೆರಿಕದಲ್ಲಿ ವಿಲರ್ಡ್ ಬಂಡಿ ಎಂಬ ಚಿನ್ನಬೆಳ್ಳಿ ವ್ಯಾಪಾರಿ 1888ರ ಹೊತ್ತಿಗೆ ಹಾಜರಿ ಗಡಿಯಾರ ಮಾಡಿದ. ಪ್ರತಿ ಕೆಲಸಗಾರನಿಗೂ ಒಂದೊಂದು ಕೀಲಿ. ಅದನ್ನು ತೂರಿಸಿ ತಿರುಗಿಸಿದರೆ ಒಳಗಿನ ಕಾಗದದ ಪಟ್ಟಿಯ ಮೇಲೆ ಅವನ ಸಂಖ್ಯೆ, ವೇಳೆ ಎರಡೂ ಅಚ್ಚಾಗುತ್ತಿದ್ದವು. ಬಂಡಿ ಸಹೋದರರ ಕಂಪನಿ ಬೇರೆ ಕಂಪನಿಗಳೊಂದಿಗೆ ಕೂಡುತ್ತ ಕೂಡುತ್ತ 1924ರಲ್ಲಿ ಐಬಿಎಂ ಎಂಬ ಹೆಸರು ಹೊತ್ತಿತು. ಕಂಪ್ಯೂಟರಿನ ಆ ದೊಡ್ಡ ಮನೆತನದ ಒಂದು ಬೇರು ಹಜೇರಿಯಲ್ಲಿದೆ.

ಗಡಿಯಾರ ಮಾಲಕನ ಕೈಯಲ್ಲಷ್ಟೇ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ವೇಳೆ ದಾಖಲಾದ ಮೇಲೆ ಅದಕ್ಕೊಂದು ಮಿತಿ ಕೇಳಲು ಸಾಧ್ಯವಾಯಿತು. ಭಾರತದ ಗಿರಣಿ ಗಂಡಸರ ದುಡಿಮೆಗೆ 1911ರ ಕಾಯ್ದೆ ದಿನಕ್ಕೆ 12 ತಾಸಿನ ಮಿತಿ ಹಾಕಿತು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54 ತಾಸು. ಬಾಬಾಸಾಹೇಬ ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಕಾಲದ ಯತ್ನಗಳ ಫಲವಾಗಿ 1946ರಲ್ಲಿ 48 ತಾಸು. 1948ರ ಕಾರ್ಖಾನೆ ಕಾಯ್ದೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂದಿತು, ಹಾಜರಿ ಪುಸ್ತಕವನ್ನು ಕಡ್ಡಾಯ ಮಾಡಿತು. ಒಳ್ಳೆಯ ಹಾಜರಿ ವ್ಯವಸ್ಥೆಯಿಂದ ಕಂಪನಿಗೆ ಸುಳ್ಳು ಓವರ್‌ಟೈಮ್ ತಪ್ಪುತ್ತದೆ, ಒಬ್ಬನ ಹಜೇರಿ ಇನ್ನೊಬ್ಬ ಹಾಕುವುದು ನಿಲ್ಲುತ್ತದೆ, ಯಾವ ಪಾಳಿಗೆ ಎಷ್ಟು ಜನ ಬೇಕೆಂಬುದು ಮೊದಲೇ ಗೊತ್ತಾಗುತ್ತದೆ. ದುಡಿದವನಿಗೂ ತನ್ನ ತಾಸು ರುಜುವಾತು ಮಾಡಲು ಅದೇ ಆಧಾರ.

ಕಾರ್ಖಾನೆ ಕಾಯ್ದೆ ಬಂದ 1948ರಲ್ಲೇ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು. ಆದರೆ ಜಮಖಂಡಿ ಸೀಮೆಯ ಸಾವಳಗಿ ಭಾಗದ ದುಡಿಮೆಯ ಸ್ವರೂಪ ಬದಲಿಸಿದ್ದು ಕಾಯ್ದೆಯಲ್ಲ, ನೀರು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ವಂತಿಗೆ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ಅವರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಜೋಳ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಕಬ್ಬು ಎದ್ದಿತು, ದ್ರಾಕ್ಷಿಯ ಪಡಗಳು ಬಂದವು. ಸುಗ್ಗಿಗಷ್ಟೇ ಬೇಕಾಗುತ್ತಿದ್ದ ಆಳು ವರ್ಷವಿಡೀ ಬೇಕಾದರು.

ಹಿರೇಪಡಸಲಗಿಯ ಜಮಖಂಡಿ ಶುಗರ್ಸ್, ಸಿದ್ದಾಪುರದ ಪ್ರಭುಲಿಂಗೇಶ್ವರ, ಮುಧೋಳದ ನಿರಾಣಿ, ಸಮೀರವಾಡಿಯ ಗೋದಾವರಿ ಹೀಗೆ ಸುತ್ತಲೂ ಸಕ್ಕರೆ ಕಾರ್ಖಾನೆಗಳು. ಯಾವುದೇ ಸಕ್ಕರೆ ಕಾರ್ಖಾನೆಯ ಕಾಂಪೌಂಡಿನೊಳಗೆ ಎಂಟು ತಾಸಿನ ಪಾಳಿ, ಹೆಬ್ಬೆಟ್ಟಿನ ಹಾಜರಿ, ಓವರ್‌ಟೈಮಿನ ಲೆಕ್ಕ ಎಲ್ಲ ಇರುತ್ತವೆ. ಕಾಂಪೌಂಡಿನ ಹೊರಗೆ, ಕಬ್ಬಿನ ಗದ್ದೆಯಲ್ಲಿ, ಬೇರೆಯೇ ಯುಗ. ಕಟಾವಿನ ಗ್ಯಾಂಗುಗಳು ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಬರುತ್ತವೆ. ಹಂಗಾಮಿಗೆ ಮೊದಲೇ ಮುಕಾದಮನೆಂಬ ಮೇಸ್ತ್ರಿಯ ಕೈಯಿಂದ ಮುಂಗಡ ಸಂದಾಯವಾಗಿರುತ್ತದೆ. ಅದಕ್ಕೆ ಉಚಲು ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೊಯ್ತಾ’. ಕೂಲಿ ಟನ್ನಿನ ಲೆಕ್ಕ. ನಸುಕಿನಲ್ಲಿ ಕಡಿಯಲು ಕೂತರೆ ಸಂಜೆಗೆ ಮೋಳಿಗೆ ಕಟ್ಟಿ, ಟ್ರ್ಯಾಕ್ಟರ್ ಬಂದಾಗ ಹೇರಬೇಕು. ಟ್ರ್ಯಾಕ್ಟರ್ ಬರುವುದು ಸಂಜೆ ಏಳಕ್ಕೂ ಆಗಬಹುದು, ರಾತ್ರಿ ಎರಡಕ್ಕೂ ಆಗಬಹುದು. ತಲೆಯ ಮೇಲೆ ಹೊರೆ, ಕಾಲ ಕೆಳಗೆ ಟ್ರೇಲರಿಗೆ ಆನಿಸಿದ ಹಲಗೆ, ಬೆಳಕೆಂದರೆ ಟ್ರ್ಯಾಕ್ಟರಿನದೇ.

ದಿನ ತಪ್ಪಿಸಿದರೆ? ಮಹಾರಾಷ್ಟ್ರದ ಗ್ಯಾಂಗುಗಳಲ್ಲಿ ಅದಕ್ಕೆ ‘ಖಾಡಾ’ ಎನ್ನುತ್ತಾರೆ, ದಿನಕ್ಕೆ 500 ರೂಪಾಯಿ ದಂಡ ಎಂದು 2019ರ ವರದಿಗಳು ಬಯಲಿಗೆ ತಂದವು. ಮುಟ್ಟಿನ ದಿನಗಳಲ್ಲೂ ಕೆಲಸ ತಪ್ಪಬಾರದೆಂದು ಬೀಡ ಜಿಲ್ಲೆಯ ಹಲವು ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿ ಆಗಲೇ ಹೊರಬಂದದ್ದು. ಮಹಾರಾಷ್ಟ್ರ ಸರ್ಕಾರ ತನಿಖೆಗೆ ಸಮಿತಿ ನೇಮಿಸಬೇಕಾಯಿತು. ಇಲ್ಲಿ ಗಡಿಯಾರವೂ ಇಲ್ಲ, ಸಾಫ್ಟ್‌ವೇರೂ ಇಲ್ಲ. ಸಾಲ ಮತ್ತು ದಂಡ ಎರಡೇ ಸಾಕಾದವು.

ಸರ್ಕಾರದ ಕೆಲಸಕ್ಕೆ ಹೋದರೆ ಹಜೇರಿ ಮೊಬೈಲಿಗೆ ಬಂದಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಮೊದಲು ಕಾಗದದ ಹಜೇರಿ ಪಟ್ಟಿಯಾದ ಎನ್‌ಎಂಆರ್ ಇತ್ತು. ಸತ್ತವರ, ಊರು ಬಿಟ್ಟವರ ಹೆಸರುಗಳೂ ಅದರಲ್ಲಿ ದುಡಿಯುತ್ತಿದ್ದವು. ಅದನ್ನು ತಡೆಯಲು ಬಂದದ್ದು ಹಜೇರಿ ಹಾಕುವ ಎನ್‌ಎಂಎಂಎಸ್ ಆ್ಯಪ್. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ಕರ್ನಾಟಕದಲ್ಲಿ ‘ಕಾಯಕ ಬಂಧು’ ಎನಿಸಿಕೊಂಡ ಮೇಟಿ ದಿನಕ್ಕೆರಡು ಸಲ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದು ಏರಿಸಬೇಕಿತ್ತು. ಕೊಟ್ಟ ಅಳತೆಯ ಗುಂಡಿ ತೋಡಿ ಮುಗಿಸಿದವರೂ ಎರಡನೆಯ ಫೋಟೊಗೆ ಕಾಯಬೇಕಿತ್ತು. ನೆಟ್‌ವರ್ಕ್ ಸಿಗದಿದ್ದರೆ 2025ರಲ್ಲಿ 370 ರೂಪಾಯಿ ಇದ್ದ ಕೂಲಿಯೇ ಅನುಮಾನವಾಗುತ್ತಿತ್ತು. ಕಳ್ಳರೇನೂ ಸೋಲಲಿಲ್ಲ. ಫೋಟೊದ ಫೋಟೊ ತೆಗೆದು ಏರಿಸುತ್ತಾರೆ, ಸಂಬಂಧವಿಲ್ಲದ ಚಿತ್ರ ಹಾಕುತ್ತಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಪಂಚಾಯಿತಿ ಮಟ್ಟದಲ್ಲಿ ಮನುಷ್ಯರೇ ಕೂತು ಫೋಟೊ ಪರಿಶೀಲಿಸಬೇಕೆಂದಿತು. ಯಂತ್ರದ ಹಜೇರಿಗೆ ಹಜೇರಿ ಹಾಕಲು ಮತ್ತೊಬ್ಬ ಕಾರಕೂನ ಬೇಕಾದ.

ದೊಡ್ಡ ಕಂಪನಿಗಳ ವ್ಯವಸ್ಥೆಯೂ ಇದಕ್ಕೆ ಹೊರತಲ್ಲ. 2021ರ ಡಿಸೆಂಬರಿನಲ್ಲಿ ಕ್ರೋನೋಸ್ ಎಂಬ ಹೆಸರಾಂತ ಹಾಜರಿ-ಸಂಬಳ ಸೇವೆಯ ಮೇಲೆ ಸೈಬರ್ ದಾಳಿ ನಡೆದು, ಅಮೆರಿಕದ ಆಸ್ಪತ್ರೆಗಳೂ ನಗರಾಡಳಿತಗಳೂ ವಾರಗಟ್ಟಲೆ ಕೈಬರಹದ ಪಟ್ಟಿಗೆ ಮರಳಿದವು. ಹಲವು ದಾದಿಯರಿಗೆ ಹೆಚ್ಚುವರಿ ದುಡಿಮೆಯ ಹಣ ತಪ್ಪಿತು.

ಮತ್ತೆ ಕಬ್ಬಿಗೆ ಬಂದರೆ, ಅಲ್ಲಿ ತಡವಾದ ಹೊತ್ತಿಗೆ ಬೆಲೆ ಕಟ್ಟಿದ ಕಾನೂನು ಒಂದಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಸೇರಿದ 14 ದಿನದೊಳಗೆ ರೈತನಿಗೆ ಹಣ ಸೇರಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಪಾಲನೆ ಹೇಗಿದೆ ಎಂಬುದು ರೈತರಿಗೆ ಗೊತ್ತು. ಆದರೂ ಕಾಯಿಸಿದ್ದಕ್ಕೆ ಬೆಲೆ ತೆರಬೇಕು ಎಂಬ ತತ್ವ ಅದರಲ್ಲಿದೆ. ಕಡಿದವರಿಗೆ, ಹೇರಿದವರಿಗೆ, ಸಾಗಿಸಿದವರಿಗೆ ಅಂಥದ್ದೇನೂ ಇಲ್ಲ. ಕಾರ್ಖಾನೆಯ ಯಾರ್ಡಿಗೆ ಬಂದ ಟ್ರ್ಯಾಕ್ಟರಿಗೆ ಟೋಕನ್ ಕೊಟ್ಟ ವೇಳೆ, ತುಂಬಿದ ತೂಕ ಆದ ವೇಳೆ, ಖಾಲಿ ತೂಕ ಆದ ವೇಳೆ ಮೂರನ್ನೂ ಬರೆದಿಟ್ಟರೆ ಚಾಲಕ ಎಷ್ಟು ಹೊತ್ತು ಕಾಯ್ದ ಎಂಬುದು ಒಂದು ಕಳೆಯುವ ಲೆಕ್ಕದಲ್ಲಿ ಸಿಗುತ್ತದೆ. ಕಾರ್ಖಾನೆಗಳು ಆ ಅಂಕಿಯನ್ನು ಸಾಗಾಣಿಕೆ ಬಿಲ್ಲಿನಲ್ಲಿ ಮುದ್ರಿಸಲಿ. ಟ್ರ್ಯಾಕ್ಟರ್ ಗದ್ದೆಗೆ ಎಷ್ಟು ಗಂಟೆಗೆ ಬಂತು ಎಂಬುದನ್ನು ಫೀಲ್ಡ್‌ಮನ್ ಗ್ಯಾಂಗಿನ ಚೀಟಿಯಲ್ಲಿ ಬರೆಯಲಿ. ದರ ಎಷ್ಟೆಂಬ ಚರ್ಚೆ ಆಮೇಲೆ ಆಗಲಿ. ಬರುವ ಹಂಗಾಮಿನ ಕರಾರಿಗೆ ಕೂರುವಾಗ ರೈತ ಸಂಘಗಳೂ ವಾಹನ ಮಾಲಕರೂ ಮೊದಲು ಇದನ್ನು ಕೇಳಬೇಕು.