ಕೈ ಹೇಳ್ತಿದ್ದ ಮಾತು, ಇಂಡಿಕೇಟರ್ ಮರೆತ ಮಾತು

ಇವತ್ತಿನ ವಿಷಯ ಇಂಡಿಕೇಟರ್. ನಗಬೇಡಿ, ಅದಕ್ಕೂ ಒಂದು ಚರಿತ್ರೆ ಇದೆ.

ರಾಮನಗರದ ಹಳೇ ಮೈಸೂರು ರಸ್ತೆಯಲ್ಲಿ ಲಾರಿ ಹಿಂದೆ ಬೈಕಲ್ಲಿ ಹೋಗ್ತಿದ್ದೀರಿ ಅಂದ್ಕೊಳ್ಳಿ. ಲಾರಿಯ ಬಲಗಡೆ ಇಂಡಿಕೇಟರ್ ಮಿನುಗುತ್ತೆ. ಬಲಕ್ಕೆ ತಿರುಗ್ತಾನಾ, ಇಲ್ಲ "ನೀನು ಮುಂದೆ ಹೋಗು" ಅಂತಿದ್ದಾನಾ? ಎರಡಕ್ಕೂ ಅದೇ ದೀಪ ಹಾಕೋ ಡ್ರೈವರ್‌ಗಳಿದ್ದಾರೆ. ತಪ್ಪು ತಿಳ್ಕೊಂಡ್ರೆ ಪ್ರಾಣಕ್ಕೇ ಬರುತ್ತೆ.

ದೀಪಕ್ಕಿಂತ ಮುಂಚೆ ಇದ್ದದ್ದು ಕೈ. 1989ರ ಕೇಂದ್ರ ಸರ್ಕಾರದ ರಸ್ತೆ ನಿಯಮಗಳಲ್ಲೂ ಕೈಸನ್ನೆ ಬರೆದಿಟ್ಟಿದ್ರು. ಬಲಕ್ಕೆ ತಿರುಗೋಕೆ ಬಲಗೈ ನೇರ ಚಾಚಬೇಕು. ಎಡಕ್ಕಾದ್ರೆ ಅದೇ ಬಲಗೈಯನ್ನ ಗಡಿಯಾರದ ಉಲ್ಟಾ ಸುತ್ತಿಸಬೇಕು. (ಎಡಗೈ ಕಿಟಕಿಗೆ ಎಟುಕಲ್ವಲ್ಲ!) ಹಿಂದಿನವರಿಗೆ ದಾರಿ ಬಿಡೋಕೆ ಕೈ ಚಾಚಿ ಅರ್ಧ ವೃತ್ತದ ಹಾಗೆ ಹಿಂದೆ ಮುಂದೆ ಬೀಸಬೇಕು. ಈ ಮೂರನೇದನ್ನ ನೆನಪಿಟ್ಕೊಳ್ಳಿ.

ಕೈಯನ್ನ ಯಂತ್ರ ಮಾಡಿದ್ದನ್ನ ಬ್ರಿಟಿಷರು ಟ್ರಾಫಿಕೇಟರ್ ಅಂತ ಕರೆದ್ರು. ಟ್ರಾಫಿಕ್ ಮತ್ತು ಇಂಡಿಕೇಟರ್ ಎರಡನ್ನೂ ಬೆಸೆದ ಪದ. ಬಾಗಿಲ ಪಕ್ಕದ ಕಂಬದಿಂದ ದೀಪ ಇರೋ ಪುಟ್ಟ ತೋಳು ಹೊರಗೆ ಚಿಮ್ಮುತ್ತಿತ್ತು, ರೈಲ್ವೆ ಕೈಮರದ ಥರ. ಮಾರಿಸ್ ಮೈನರ್ ಕಾರಲ್ಲಿ ಇದು 1961ರವರೆಗೂ ಇತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಮಿನುಗೋ ದೀಪ ಹಳೇದಾಗಿತ್ತು. ಬ್ಯೂಕ್ ಕಂಪನಿ 1939ರ ಕಾರಲ್ಲೇ ಕೊಟ್ಟಿತ್ತು. ಅಲ್ಲಿ ಅದು ಟರ್ನ್ ಸಿಗ್ನಲ್, ಆಡುಮಾತಲ್ಲಿ ಬ್ಲಿಂಕರ್. ಬ್ರಿಟಿಷರು ದೀಪಕ್ಕೆ ಬಂದ ಮೇಲೆ ಫ್ಲಾಷರ್, ವಿಂಕರ್ ಅಂತೆಲ್ಲ ಅಂದು ಕೊನೆಗೆ ಇಂಡಿಕೇಟರ್‌ಗೆ ನಿಂತ್ರು. ನಮಗೂ ಅದೇ ಬಂತು.

ಹಳೇ ಪದಗಳು ಸತ್ತಿಲ್ಲ ಅನ್ನೋದು ನನಗೆ ಖುಷಿ. ದೀಪ ಮಿನುಗದೆ ಸುಮ್ನೆ ಉರೀತಿದ್ರೆ ಎಲೆಕ್ಟ್ರಿಕಲ್ ಅಂಗಡಿಯವರು "ಫ್ಲಾಷರ್ ಹೋಗಿದೆ" ಅಂತಾರೆ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆಯಲ್ಲ, ಆ ಕಂಪನಿಯ ಜಪಾನಲ್ಲಿ ಜನ ಇವತ್ತಿಗೂ ವಿಂಕರ್ ಅಂತಾರೆ. ಹೋಂಡಾ ಬೈಕ್‌ಗಳ ಬಿಡಿಭಾಗದ ಪಟ್ಟಿಯಲ್ಲೂ ಅದೇ ಹೆಸರು.

ಹೆಸರು ಎಷ್ಟಾದ್ರೂ ದೀಪಕ್ಕೆ ಗೊತ್ತಿರೋದು ಎರಡೇ ಮಾತು: ಎಡ, ಬಲ. "ಮುಂದೆ ಹೋಗು" ಅನ್ನೋ ಆ ಮೂರನೇ ಸನ್ನೆಗೆ ದೀಪಾನೇ ಇಲ್ಲ. ಅದಕ್ಕೇ ಲಾರಿ ಡ್ರೈವರ್ ಬಲಗಡೆದನ್ನ ಸಾಲ ತಗೊಂಡ.

2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡ್ತಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲಿ. ಅಲ್ಲಿ ನಿಂತು ನೋಡಿ, ಆಟೋದವರು ಇಂಡಿಕೇಟರ್ ಹಾಕಿದ್ರೂ ಜೊತೆಗೆ ಕೈ ಹೊರಗೆ ಚಾಚ್ತಾರೆ.